ಟ್ಯಾಕ್ಸಿಯವರ ತಲೆಯೊಳಗಿನ ಲಂಡನ್

ಲಂಡನ್ನಿನ ಕಪ್ಪು ಟ್ಯಾಕ್ಸಿ ಓಡಿಸಬೇಕೆಂದರೆ ‘ನಾಲೆಡ್ಜ್’ ಎಂಬ ಪರೀಕ್ಷೆ ಪಾಸಾಗಬೇಕು. 1865ರಿಂದ ನಡೆದು ಬಂದಿರುವ ಈ ಪರೀಕ್ಷೆಯಲ್ಲಿ ಸ್ಟೀರಿಂಗ್ ಮುಟ್ಟುವ ಪ್ರಶ್ನೆಯೇ ಇಲ್ಲ. ಕೋಟು ಟೈ ಕಟ್ಟಿಕೊಂಡು ಪರೀಕ್ಷಕರ ಎದುರು ಕೂರಬೇಕು. ಅವರು ಎರಡು ಜಾಗಗಳ ಹೆಸರು ಹೇಳುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹತ್ತಿರದ ದಾರಿ ಯಾವುದು, ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ಬೀದಿ ಒನ್‌ವೇ ಎಂಬುದನ್ನೆಲ್ಲ ನಕ್ಷೆ ನೋಡದೆ ಒಪ್ಪಿಸಬೇಕು. ಚಾರಿಂಗ್ ಕ್ರಾಸ್‌ನಿಂದ ಎಲ್ಲ ದಿಕ್ಕಿಗೂ ಆರು ಮೈಲಿಯೊಳಗಿರುವ ಸುಮಾರು 25,000 ಬೀದಿಗಳು ತಲೆಯಲ್ಲಿರಬೇಕು. ಮೂರು ನಾಲ್ಕು ವರ್ಷ ಮೊಪೆಡ್ ಮೇಲೆ ಊರು ಸುತ್ತಿ ಕಲಿಯುವವರೇ ಹೆಚ್ಚು. ನಡುವೆಯೇ ಕೈಬಿಡುವವರೂ ಕಡಿಮೆಯಿಲ್ಲ.

ಇಷ್ಟೊಂದು ಬೀದಿ ತುಂಬಿಕೊಂಡ ಮಿದುಳು ಹೇಗಿರುತ್ತದೆ? ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಎಲೀನರ್ ಮಗ್ವೈರ್ ಇದನ್ನು ಹುಡುಕಿ ಹೊರಟರು. ದಾರಿ ತಪ್ಪುವುದರಲ್ಲಿ ತಾವು ಎತ್ತಿದ ಕೈ ಎಂದು ಈಕೆ ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಅವರ ತಂಡ 16 ಟ್ಯಾಕ್ಸಿ ಚಾಲಕರ ಮಿದುಳನ್ನು ಎಂಆರ್‌ಐ ಮಾಡಿ, 2000ದಲ್ಲಿ ಫಲಿತಾಂಶ ಪ್ರಕಟಿಸಿತು. ಕಿವಿಯ ಮೇಲ್ಭಾಗದ ನೇರಕ್ಕೆ, ಮಿದುಳಿನ ಒಳಗೆ ಎರಡೂ ಪಕ್ಕ ಹುದುಗಿರುವ ಹಿಪೊಕ್ಯಾಂಪಸ್ ಎಂಬ ಭಾಗದ ಹಿಂತುದಿ ಈ ಚಾಲಕರಲ್ಲಿ ಇತರರಿಗಿಂತ ದೊಡ್ಡದಾಗಿತ್ತು, ಮುಂತುದಿ ಚಿಕ್ಕದಾಗಿತ್ತು. ಟ್ಯಾಕ್ಸಿ ಓಡಿಸಿದ ವರ್ಷ ಹೆಚ್ಚಿದಷ್ಟೂ ಹಿಂತುದಿಯ ಗಾತ್ರ ಹೆಚ್ಚು.

ಸುದ್ದಿ ಪತ್ರಿಕೆಗಳಿಗೆ ಇಷ್ಟು ಸಾಕಾಗಿತ್ತು. ಆದರೆ ಅನುಮಾನಕ್ಕೆ ಎಡೆಯಿತ್ತು. ದಿನವಿಡೀ ಗಾಡಿ ಓಡಿಸುವ ಯಾರಿಗಾದರೂ ಹೀಗೇ ಆಗುತ್ತದೋ ಏನೋ! 2006ರಲ್ಲಿ ಅದೇ ತಂಡ ಟ್ಯಾಕ್ಸಿಯವರ ಪಕ್ಕಕ್ಕೆ ಲಂಡನ್ನಿನ ಬಸ್ ಚಾಲಕರನ್ನು ತಂದಿತು. ಅದೇ ಊರು, ಅದೇ ಟ್ರಾಫಿಕ್ಕು, ಅದೇ ತಲೆಬಿಸಿ. ವ್ಯತ್ಯಾಸ ಒಂದೇ: ಬಸ್ಸಿನದು ಗೊತ್ತುಮಾಡಿದ ರೂಟು. ಅವರ ಹಿಪೊಕ್ಯಾಂಪಸ್‌ನಲ್ಲಿ ಆ ಬೆಳವಣಿಗೆ ಕಾಣಲಿಲ್ಲ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಮುಖ್ಯವೆನಿಸುವುದು ಇದೇ. ಓಡಾಟದಿಂದಲ್ಲ, ಪ್ರತಿ ತಿರುವಿನಲ್ಲೂ ಯಾವ ಕಡೆಗೆ ಎಂದು ತಾನೇ ತೀರ್ಮಾನಿಸುವುದರಿಂದ ಈ ಭಾಗ ಪಳಗುತ್ತದೆ. ಇದಕ್ಕೆ ಬೆಲೆಯನ್ನೂ ತೆರಬೇಕು: ಜಟಿಲವಾದೊಂದು ಚಿತ್ರ ತೋರಿಸಿ ಅರ್ಧ ಗಂಟೆ ಬಿಟ್ಟು ನೆನಪಿನಿಂದ ಬರೆಯಿರಿ ಎಂದಾಗ ಟ್ಯಾಕ್ಸಿಯವರು ಬಸ್ಸಿನವರಿಗಿಂತ ಹಿಂದೆ ಬಿದ್ದರು.

ಹುಟ್ಟಿನಿಂದಲೇ ಅಂಥ ಮಿದುಳು ಇದ್ದವರು ಈ ಕೆಲಸಕ್ಕೆ ಬರುತ್ತಾರೆಯೇ? ಅದಕ್ಕೂ 2011ರಲ್ಲಿ ಉತ್ತರ ಸಿಕ್ಕಿತು. ಕಲಿಕೆಗೆ ಸೇರಿದ 79 ಮಂದಿಯ ಮಿದುಳು ಆರಂಭದಲ್ಲಿ ಬೇರೆಯವರಂತೆಯೇ ಇತ್ತು. ಪಾಸಾದವರು 39 ಜನ. ಹಿಂತುದಿ ಬೆಳೆದದ್ದು ಅವರಲ್ಲಿ ಮಾತ್ರ.

ಈ ಭಾಗದೊಳಗೆ ನಡೆಯುವುದೇನು ಎಂಬುದು ಮೊದಲು ತಿಳಿದದ್ದು ಇಲಿಗಳಿಂದ. ಅದೇ ಯೂನಿವರ್ಸಿಟಿ ಕಾಲೇಜಿನ ಜಾನ್ ಓಕೀಫ್ 1971ರಲ್ಲಿ, ಓಡಾಡುತ್ತಿದ್ದ ಇಲಿಯ ಹಿಪೊಕ್ಯಾಂಪಸ್‌ಗೆ ಸಣ್ಣ ತಂತಿ ಇಳಿಸಿ ಒಂದೊಂದೇ ನರಕೋಶದ ಸದ್ದು ಆಲಿಸುತ್ತಿದ್ದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗಷ್ಟೇ ಒಂದು ಕೋಶ ಮಿಡಿಯುತ್ತಿತ್ತು; ಇನ್ನೊಂದು ಜಾಗಕ್ಕೆ ಇನ್ನೊಂದು ಕೋಶ. 2005ರಲ್ಲಿ ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ ಹಿಪೊಕ್ಯಾಂಪಸ್‌ಗೆ ಅಂಟಿಕೊಂಡ ಪ್ರದೇಶದಲ್ಲಿ ಇನ್ನೊಂದು ಬಗೆಯ ಕೋಶ ಕಂಡಿತು. ಇಲ್ಲಿ ಒಂದೇ ಕೋಶ ಹಲವು ಜಾಗಗಳಲ್ಲಿ ಮಿಡಿಯುತ್ತದೆ. ಆ ಜಾಗಗಳನ್ನು ನೆಲದ ಮೇಲೆ ಗುರುತಿಸಿದರೆ ಸಂದು ಚುಕ್ಕಿಯ ರಂಗೋಲಿಗೆ ಚುಕ್ಕಿಯಿಟ್ಟಂತೆ, ಪ್ರತಿ ಚುಕ್ಕಿಯ ಸುತ್ತ ಆರು ಚುಕ್ಕಿ, ಸಮ ಅಂತರದಲ್ಲಿ. ದೀಪ ಆರಿಸಿದರೂ ಈ ವಿನ್ಯಾಸ ಉಳಿಯುತ್ತದೆ. ಎಷ್ಟು ದೂರ, ಯಾವ ದಿಕ್ಕಿಗೆ ಬಂದೆ ಎಂಬ ಲೆಕ್ಕ ಇಲ್ಲಿ ನಡೆಯುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಮೂವರಿಗೂ 2014ರ ನೊಬೆಲ್ ಬಂತು.

ಮನುಷ್ಯರ ಮಿದುಳಿಗೆ ಸುಮ್ಮಸುಮ್ಮನೆ ತಂತಿ ಇಳಿಸಲಾಗದು. ಚಿಕಿತ್ಸೆಗಾಗಿ ಹೇಗೂ ತಂತಿ ಹಾಕಿಸಿಕೊಂಡಿದ್ದ ಏಳು ಮಂದಿ ಮೂರ್ಛೆರೋಗಿಗಳು ಅಮೆರಿಕದಲ್ಲಿ ನೆರವಿಗೆ ಬಂದರು. 2003ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅವರು ಆಡಿದ ಕಂಪ್ಯೂಟರ್ ಆಟವೂ ಟ್ಯಾಕ್ಸಿಯದೇ: ಕಾಲ್ಪನಿಕ ಊರೊಂದರಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಅಂಗಡಿಗಳಿಗೆ ಬಿಡುವುದು. ಇಲಿಯಲ್ಲಿ ಕಂಡಂತೆ, ಊರಿನ ಒಂದೊಂದು ಜಾಗಕ್ಕೆ ಮಿಡಿಯುವ ಕೋಶಗಳು ಅವರ ಹಿಪೊಕ್ಯಾಂಪಸ್‌ನಲ್ಲೂ ಸಿಕ್ಕವು.

ಈಗ ತಿರುವಿನ ತೀರ್ಮಾನವನ್ನು ಮೊಬೈಲ್ ತೆಗೆದುಕೊಳ್ಳುತ್ತದೆ. ಲಂಡನ್ನಿನ ಸೋಹೊ ಬೀದಿಗಳನ್ನು ಕಲಿತ 24 ಮಂದಿಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ ಅದೇ ಬೀದಿಗಳ ಚಿತ್ರೀಕರಣದಲ್ಲಿ ದಾರಿ ಹುಡುಕಿಸಿದ ಪ್ರಯೋಗ 2017ರಲ್ಲಿ ಬಂತು. ಕವಲು ಹೆಚ್ಚಿರುವ ಬೀದಿಗೆ ಹೊಕ್ಕಾಗ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. ‘ಬಲಕ್ಕೆ ತಿರುಗಿ’ ಎಂದು ಸೂಚನೆ ಕೊಟ್ಟಾಗ ಆ ಚುರುಕು ಇರಲಿಲ್ಲ. ಜಿಪಿಎಸ್‌ನಿಂದ ಮಿದುಳು ಕುಗ್ಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದಕ್ಕೆ ಇದು ಪುರಾವೆಯಲ್ಲ.

2024ರ ಕೊನೆಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೆಕ್ಕವೂ ಹೀಗೇ ಎಚ್ಚರಿಕೆಯಿಂದ ಓದಬೇಕಾದದ್ದು. ಅಮೆರಿಕದ ಸುಮಾರು 90 ಲಕ್ಷ ಸಾವುಗಳಲ್ಲಿ ಶೇ 3.9ರಷ್ಟಕ್ಕೆ ಅಲ್ಝೈಮರ್ ಕಾರಣ ಎಂದು ದಾಖಲಾಗಿತ್ತು. ಟ್ಯಾಕ್ಸಿ ಚಾಲಕರಲ್ಲಿ ಅದು ಸುಮಾರು ಶೇ 1, ಆಂಬುಲೆನ್ಸ್ ಚಾಲಕರಲ್ಲಿ ಇನ್ನೂ ಕಡಿಮೆ. ಬಸ್ ಚಾಲಕರಲ್ಲಿ ಶೇ 3ರ ಮೇಲೆ. ಮತ್ತೆ ಅದೇ ಬಸ್ಸು, ಅದೇ ಟ್ಯಾಕ್ಸಿ. ಆದರೆ ಟ್ಯಾಕ್ಸಿಯವರೂ ಆಂಬುಲೆನ್ಸಿನವರೂ ಸರಾಸರಿ 70 ತುಂಬುವ ಮೊದಲೇ ತೀರಿಕೊಂಡಿದ್ದರು. ಅಲ್ಝೈಮರ್ ಹೆಚ್ಚಾಗಿ ಕಾಡುವುದು ಅದರ ನಂತರ. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಅಂತರ ಕಿರಿದಾಯಿತು, ಪೂರ್ತಿ ಅಳಿಯಲಿಲ್ಲ. ಆಂಬುಲೆನ್ಸ್ ಚಾಲಕರ ಆ ಶೇಕಡಾವಾರು ನಿಂತಿರುವುದಂತೂ ಬರೀ ಹತ್ತು ಸಾವುಗಳ ಮೇಲೆ.