ತುಕ್ಕು: ನಿದಾನ ಮತ್ತು ಚಿಕಿತ್ಸೆ
(ಹಳೆಯ ಮೋಟಾರು ಕಾರುಗಳ ಮೈತಗಡಿನ ದುರಸ್ತಿಯನ್ನು ಕುರಿತು)

ಮಾನವನಿಗೆ ಒದಗಿದ ಲೋಹಗಳಲ್ಲಿ ಕಬ್ಬಿಣವು ಅತ್ಯಂತ ಉಪಕಾರಿಯಾದುದೆಂಬುದು ಸರ್ವವಿದಿತ. ಆದರೆ ತನ್ನ ಮೂಲಸ್ಥಿತಿಗೆ ಮರಳಲು ಅದರಷ್ಟು ಆತುರಪಡುವ ಲೋಹವೂ ವಿರಳವೇ ಸರಿ. ಅದುರನ್ನು ಕುಲುಮೆಯಲ್ಲಿ ಕಾಯಿಸಿ, ಬಹು ಶ್ರಮದಿಂದ ಬೇರ್ಪಡಿಸಿದ ಕಬ್ಬಿಣವು ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು ಇವೆರಡರ ಸಹವಾಸ ದೊರೆತೊಡನೆಯೇ ಮತ್ತೆ ಮಣ್ಣಿನ ಬಣ್ಣಕ್ಕೆ ತಿರುಗತೊಡಗುತ್ತದೆ. ಇದೇ ತುಕ್ಕು. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಹಿಡಿಯುವ ಕಿಲುಬು ಇದರಿಂದ ಭಿನ್ನವಾದುದು. ಎರಡನ್ನೂ ಒಂದೇ ಮಾತಿನಿಂದ ಕರೆಯುವ ರೂಢಿ ಕೆಲವೆಡೆ ಇದ್ದರೂ ಅವುಗಳ ಸ್ವಭಾವ ಒಂದೇ ಅಲ್ಲ. ಕಿಲುಬನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಪಾತ್ರೆ ಬೆಳಗುತ್ತದೆ. ತುಕ್ಕನ್ನು ತಿಕ್ಕಿದರೆ ಎಷ್ಟೋ ವೇಳೆ ಅಲ್ಲಿ ಉಳಿಯುವುದು ರಂಧ್ರವೊಂದೇ. ಸಂಸ್ಕೃತದಲ್ಲಿ ಕಬ್ಬಿಣದ ಮಲಕ್ಕೆ ಮಂಡೂರವೆಂದು ಹೆಸರು. ಅದು ವೈದ್ಯರ ಕೈಯಲ್ಲಿ ಔಷಧವಾದರೂ ಮೋಟಾರು ಕಾರಿಗೆ ಕ್ಷಯರೋಗವೇ ಆಗಿದೆ.

ಕೈಗಾರಿಕಾ ಉಪನಗರವಾಗಿ ಯೋಜಿತವಾದ ರಾಜಾಜಿನಗರ, ಅದರ ನೆರೆಯ ಬಸವೇಶ್ವರನಗರ, ವಿಜಯನಗರ, ದೂರದ ಕೆಂಗೇರಿ, ಹೀಗೆ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಮನೆಯ ಮುಂದೆ ಹಳೆಯ ಕಾರೊಂದನ್ನು ತಂದೆಯ ನೆನಪಿಗೆಂದೋ ಅಭಿಮಾನಕ್ಕೆಂದೋ ಉಳಿಸಿಕೊಂಡಿರುವ ಕುಟುಂಬಗಳು ಇಂದಿಗೂ ಉಂಟು. ಅವುಗಳಲ್ಲಿ ಮುಖ್ಯವಾದುವು ಕೋಲ್ಕತ್ತದ ಸಮೀಪದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾದ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದು ಚಿತ್ತೂರಿನ ರಾಣಿಯ ಹೆಸರನ್ನು ಪಡೆದ ಪ್ರೀಮಿಯರ್ ಪದ್ಮಿನಿ, ಹಾಗೂ 1983ರಲ್ಲಿ ಬಂದು ಮಧ್ಯಮವರ್ಗದ ಮನೆಮಾತಾದ ಮಾರುತಿ 800. ಈ ಮೂರೂ ಈಗ ತಯಾರಾಗುತ್ತಿಲ್ಲ. ಆದುದರಿಂದ ಅವುಗಳ ತಗಡು ಹಾಳಾದರೆ ಹೊಸ ಬಿಡಿಭಾಗವನ್ನು ಕೊಂಡುತಂದು ಜೋಡಿಸುವುದು ಯಾವಾಗಲೂ ಸಾಧ್ಯವಾಗದು. ಟಿಂಕರಿಂಗ್ ಬಲ್ಲ ಕುಶಲಿಗಳು ಸುತ್ತಿಗೆ, ಕತ್ತರಿ, ಬೆಸುಗೆಗಳ ನೆರವಿನಿಂದ ಅದನ್ನು ಕೈಯಾರೆ ರೂಪಿಸಬೇಕಾಗುತ್ತದೆ.

ದುರಸ್ತಿಯ ವಿಚಾರಕ್ಕೆ ಮೊದಲು ಕಾರಿನ ಅಂಗರಚನೆಯನ್ನು ಅರಿಯುವುದು ಅವಶ್ಯ. ಲಾರಿಯಲ್ಲಿ ಭಾರ ಹೊರುವ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಮೈ ಬೇರೆ. ಹಿಂದೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನಲ್ಲಿಯೂ ಇದೇ ಕ್ರಮವಿತ್ತು. ಆದರೆ ಅಂಬಾಸಿಡರ್, ಪದ್ಮಿನಿ, ಮಾರುತಿಗಳಲ್ಲಿ ಹೀಗಿಲ್ಲ; ಅಲ್ಲಿ ಮೈಯೇ ಅಸ್ಥಿಪಂಜರ. ಸುಮಾರು 1 ಮಿಲಿಮೀಟರು ದಪ್ಪದ ತಗಡುಗಳನ್ನು ಮಡಿಸಿ, ಪೆಟ್ಟಿಗೆಯಂತೆ ಬೆಸೆದು ಬಲವನ್ನು ತಂದುಕೊಡಲಾಗಿದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಟೊಳ್ಳು ತೊಲೆಯನ್ನು ಕಾರಿನ ಹೊಸ್ತಿಲೆಂದು ಕರೆಯಬಹುದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಭಾರವನ್ನು ತಾಳುವುದು ಬಹುಮಟ್ಟಿಗೆ ಈ ಹೊಸ್ತಿಲೇ. ಮಡ್‌ಗಾರ್ಡಿನ ತುದಿಯಲ್ಲಿ ತೂತು ಬಿದ್ದರೆ ಅಂದಗೆಡುತ್ತದೆ; ಹೊಸ್ತಿಲು ತುಕ್ಕಿಗೆ ತುತ್ತಾದರೆ ಅಪಘಾತದ ಸಮಯದಲ್ಲಿ ಒಳಗಿರುವವರ ಪ್ರಾಣಕ್ಕೆ ಆಸರೆಯೇ ತಪ್ಪುತ್ತದೆ. ತುಕ್ಕಿನ ದುರಸ್ತಿಯನ್ನು ಕೇವಲ ಅಲಂಕಾರದ ಕೆಲಸವೆಂದು ಎಣಿಸಬಾರದೆಂಬುದಕ್ಕೆ ಇದೇ ಕಾರಣ.

ಸಮುದ್ರದ ಉಪ್ಪುಗಾಳಿಯಿಲ್ಲದ ಬೆಂಗಳೂರಿನಲ್ಲಿ ತುಕ್ಕಿನ ವೇಗವು ಮಂಗಳೂರಿನಲ್ಲಿರುವಷ್ಟು ಇಲ್ಲ. ಆದರೂ ಅದು ಗುಪ್ತವಾಗಿ ಬೆಳೆಯುತ್ತದೆ. ರಸ್ತೆಬದಿಯ ಹೊಂಗೆ, ಗುಲ್‌ಮೊಹರ್ ಮರಗಳ ಕೆಳಗೆ ನಿಂತ ಕಾರಿನ ಮುಂಗಾಜಿನ ಬುಡದಲ್ಲಿ ಎಲೆ, ಹೂಗಳು ಉದುರಿ ಕೊಳೆಯುತ್ತವೆ. ಬಾಗಿಲಿನ ಕಿಟಕಿಯ ಸಂದಿಯಿಂದ ಇಳಿದ ಮಳೆನೀರು ಹೊರಹೋಗಲೆಂದು ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಅವು ಧೂಳಿನಿಂದ ಮುಚ್ಚಿಹೋದರೆ ಬಾಗಿಲು ಒಳಗೊಳಗೇ ತೊಟ್ಟಿಯಾಗುತ್ತದೆ. ಚಕ್ರದ ಮೇಲಣ ಕಮಾನಿನೊಳಗೆ ಮೆತ್ತಿದ ಕೆಸರು ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ನೆನೆದು ದಿನಗಟ್ಟಲೆ ಆರುವುದಿಲ್ಲ. ಕೆಸರಿನ ಅಡಿಯಲ್ಲಿ ಆಮ್ಲಜನಕ ಕಡಿಮೆ, ಅದರ ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದ ಸಣ್ಣ ವಿದ್ಯುತ್‌ಕೋಶವೊಂದು ಏರ್ಪಟ್ಟು, ಆಮ್ಲಜನಕ ಕಡಿಮೆಯಿರುವೆಡೆಯಲ್ಲಿಯೇ ಕಬ್ಬಿಣವು ಹೆಚ್ಚು ಕರಗುತ್ತದೆ. ಮರೆಯಾದ ಸ್ಥಳದಲ್ಲಿಯೇ ತುಕ್ಕು ಪ್ರಬಲವಾಗುವ ರಹಸ್ಯವಿದು. ಕಾರನ್ನು ರಕ್ಷಿಸಬೇಕೆಂದು ಟಾರ್ಪಾಲು ಹೊದಿಸಿ ತಿಂಗಳುಗಟ್ಟಲೆ ನಿಲ್ಲಿಸುವವರು ತೇವವನ್ನು ಒಳಗೇ ಬಂಧಿಸಿ, ತಿಳಿಯದೆಯೇ ರೋಗಕ್ಕೆ ಆಶ್ರಯವೀಯುತ್ತಾರೆ.

ರೋಗಲಕ್ಷಣವನ್ನು ಗುರುತಿಸುವುದು ಹೇಗೆ? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಸ್ಥಳವನ್ನು ಆಕ್ರಮಿಸುವುದರಿಂದ ಬಣ್ಣವನ್ನು ಮೇಲೆತ್ತುತ್ತದೆ, ಗುಳ್ಳೆಗಳು ಏಳುತ್ತವೆ. ಗುಳ್ಳೆಯು ಗೋಧಿಯಷ್ಟಿದ್ದರೆ ಒಳಗಿನ ಹಾನಿ ಅಂಗೈಯಷ್ಟಿರಬಹುದು. ಬಲ್ಲವರು ಸುತ್ತಿಗೆಯ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡುತ್ತಾರೆ. ಗಟ್ಟಿ ತಗಡು ಖಣಿಲೆನ್ನುತ್ತದೆ, ಸವೆದ ತಗಡು ಒಡಕು ಮಡಕೆಯಂತೆ ಮಂದವಾಗಿ ನುಡಿಯುತ್ತದೆ. ಸಣ್ಣ ಅಯಸ್ಕಾಂತವೊಂದನ್ನು ಬಣ್ಣದ ಮೇಲೆ ಆಡಿಸಿದಾಗ ಎಲ್ಲಿ ಅದು ಅಂಟದೆ ಜಾರುವುದೋ ಅಲ್ಲಿ ತಗಡಿನ ಬದಲು ದಪ್ಪನೆಯ ಪುಟ್ಟಿ ತುಂಬಿದೆಯೆಂದು ತಿಳಿಯಬೇಕು.

ಈ ಪುಟ್ಟಿಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ತೂತಿಗೆ ಜಾಲರಿಯನ್ನಿಟ್ಟು, ಮೇಲೆ ಪುಟ್ಟಿ ಮೆತ್ತಿ, ಎಮರಿ ಕಾಗದದಿಂದ ನುಣುಪಾಗಿಸಿ ಬಣ್ಣ ಹೊಡೆದರೆ ಕಾರು ಎರಡೇ ದಿನಗಳಲ್ಲಿ ನವವಧುವಿನಂತೆ ಕಂಗೊಳಿಸುತ್ತದೆ. ಖರ್ಚೂ ಅಲ್ಪ. ಆದರೆ ಪುಟ್ಟಿಯು ತೇವವನ್ನು ಹೀರುವ ಪದಾರ್ಥ. ಅದರ ಅಡಿಯಲ್ಲಿ ಉಳಿದ ತುಕ್ಕು ಮೊದಲಿಗಿಂತ ನಿರಾತಂಕವಾಗಿ ಹಬ್ಬುತ್ತದೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಗುಳ್ಳೆಗಳು ಮರುಕಳಿಸುತ್ತವೆ. ಮಾರಾಟಕ್ಕೆಂದು ಹೀಗೆ ಸಿಂಗರಿಸಿದ ಕಾರನ್ನು ಕೊಂಡವನು ನಷ್ಟವನ್ನಷ್ಟೇ ಅಲ್ಲ, ಅಪಾಯವನ್ನೂ ಕೊಂಡಂತಾಗುತ್ತದೆ. ಪುಟ್ಟಿಯು ಸ್ವತಃ ದುಷ್ಟ ವಸ್ತುವೇನೂ ಅಲ್ಲ. ಗಟ್ಟಿ ತಗಡಿನ ಮೇಲೆ, ಸಣ್ಣಪುಟ್ಟ ಏರಿಳಿತಗಳನ್ನು ಸಮಗೊಳಿಸಲು, ತೆಳುವಾಗಿ ಬಳಿದಾಗ ಅದು ಯೋಗ್ಯವೇ. ಇಲ್ಲದ ತಗಡಿನ ಸ್ಥಾನದಲ್ಲಿ ಅದನ್ನು ಕೂರಿಸುವುದು ಮಾತ್ರ ವಂಚನೆ.

ಸರಿಯಾದ ಚಿಕಿತ್ಸೆಯ ಮೊದಲ ಸೂತ್ರವೆಂದರೆ ಹೊಳೆಯುವ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯುವುದು. ಅದಕ್ಕೆ ಮುನ್ನ ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಬೆಸುಗೆಯ ಸಮೀಪದಲ್ಲಿ ಪೆಟ್ರೋಲಿನ ಟ್ಯಾಂಕು, ಕೊಳವೆಗಳಿದ್ದರೆ ಕಳಚಿ ದೂರವಿಡಬೇಕು. ಆಸನ, ರತ್ನಗಂಬಳಿಗಳನ್ನು ತೆಗೆಯಬೇಕು. ಬೆಂಕಿಯನ್ನು ನಂದಿಸುವ ಸಾಧನವು ಕೈಗೆಟುಕುವಂತಿರಬೇಕು. ಹೊಸ್ತಿಲನ್ನು ಕತ್ತರಿಸುವಾಗ ಕಾರನ್ನು ಸಮತಟ್ಟಾದ ನೆಲದಲ್ಲಿ ಸರಿಯಾದ ಆಧಾರಗಳ ಮೇಲೆ ನಿಲ್ಲಿಸಿ, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಊರೆಗಳನ್ನು ಕೊಡುವುದು ಕ್ರಮ. ಎರಡೂ ಬದಿಯ ಹೊಸ್ತಿಲುಗಳನ್ನು ಏಕಕಾಲದಲ್ಲಿ ಕತ್ತರಿಸಿದರೆ ಮೈ ಬಾಗಿ, ಮುಂದೆ ಬಾಗಿಲುಗಳು ಮುಚ್ಚದಂತಾಗುತ್ತವೆ.

ತೇಪೆಯ ತಗಡು ಮೂಲ ತಗಡಿನಷ್ಟೇ ದಪ್ಪವಿರಬೇಕು. ಮೊದಲು ರಟ್ಟಿನಲ್ಲಿ ಅಳತೆಯ ಅಚ್ಚನ್ನು ಕತ್ತರಿಸಿಕೊಂಡು, ಅದರಂತೆ ತಗಡನ್ನು ಬಡಿದು ಬಾಗಿಸುವುದು ವಾಡಿಕೆ. ಬೆಸುಗೆಯನ್ನು ಒಂದೇ ಎಳೆಯಲ್ಲಿ ಹಾಕಿದರೆ ಶಾಖದಿಂದ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದಕಾರಣ ಇಲ್ಲೊಂದು ಚುಕ್ಕೆ, ಅದು ಆರುವವರೆಗೆ ದೂರದಲ್ಲಿ ಇನ್ನೊಂದು ಚುಕ್ಕೆ, ಹೀಗೆ ಹಾಕುತ್ತ ಕ್ರಮೇಣ ಅಂತರವನ್ನು ತುಂಬಬೇಕು. ಹಳಬರ ಗ್ಯಾಸ್ ಬೆಸುಗೆಯು ವಿಶಾಲ ಪ್ರದೇಶವನ್ನು ಕಾಯಿಸುತ್ತದೆ. ಈಚಿನ ಮಿಗ್ ಬೆಸುಗೆಯಲ್ಲಿ ಶಾಖವು ಸೀಮಿತವಾಗಿರುವುದರಿಂದ ತೆಳುತಗಡಿಗೆ ಅದು ಹೆಚ್ಚು ಅನುಕೂಲ. ಸತುವಿನ ಲೇಪವುಳ್ಳ ತಗಡನ್ನು ಬೆಸೆಯುವಾಗ ಏಳುವ ಬಿಳಿಹೊಗೆಯು ಚಳಿಜ್ವರವನ್ನು ತರುವಂಥದು. ಬೆಸೆಯುವ ಅಂಚಿನ ಲೇಪವನ್ನು ಮೊದಲೇ ತೆಗೆದು, ಗಾಳಿಯಾಡುವೆಡೆ ಕೆಲಸ ಮಾಡಬೇಕು.

ತೂತು ಬೀಳದೆ ಮೇಲ್ಮೈಯಷ್ಟೇ ತುಕ್ಕು ಹಿಡಿದಿದ್ದರೆ ಕತ್ತರಿಸುವ ಪ್ರಮೇಯವಿಲ್ಲ. ತಂತಿಕುಂಚದಿಂದ ಚೆನ್ನಾಗಿ ಉಜ್ಜಿ, ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಸೇರಿದ ದ್ರಾವಣವನ್ನು ಬಳಿಯುತ್ತಾರೆ. ಟ್ಯಾನಿನ್ ದ್ರಾವಣವು ಕೆಂಪು ತುಕ್ಕನ್ನು ಕಪ್ಪಾದ, ಸ್ಥಿರವಾದ ಪದರವಾಗಿ ಮಾರ್ಪಡಿಸುತ್ತದೆ. ಇದು ನಮ್ಮ ಹಿರಿಯರಿಗೆ ಅಪರಿಚಿತವಾದ ಕ್ರಿಯೆಯಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಅವರು ಮಸಿ ತಯಾರಿಸುತ್ತಿದ್ದುದು ಇದೇ ತತ್ತ್ವದ ಮೇಲೆ: ಕಾಯಿಯ ಒಗರು ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ಕಡತದ ಅಕ್ಷರವನ್ನು ಉಳಿಸಿದ ರಸಾಯನವೇ ಇಂದು ಕಾರಿನ ತಗಡನ್ನೂ ಕಾಯುತ್ತಿದೆ.

ಬೆಸುಗೆ ಮುಗಿದರೆ ಕೆಲಸ ಮುಗಿಯಿತೆಂದಲ್ಲ. ಹೊರಮೈಗೆ ಪ್ರೈಮರ್, ತೆಳುವಾದ ಪುಟ್ಟಿ, ಮತ್ತೆ ಪ್ರೈಮರ್, ಅನಂತರ ಬಣ್ಣ ಎಂಬ ಕ್ರಮವನ್ನು ಎಲ್ಲರೂ ಬಲ್ಲರು. ಆದರೆ ಬೆಸುಗೆಯ ಶಾಖದಿಂದ ಒಳಮೈಯ ಬಣ್ಣವೂ ಸುಟ್ಟಿರುತ್ತದೆಂಬುದನ್ನು ಮರೆಯುವವರೇ ಹೆಚ್ಚು. ಟೊಳ್ಳಿನೊಳಕ್ಕೆ ಸಣ್ಣ ನಳಿಗೆಯ ಮೂಲಕ ಮೇಣ ಮಿಶ್ರಿತ ಎಣ್ಣೆಯನ್ನು ಸಿಂಪಡಿಸಬೇಕು. ಕೀಲುಗಳಿಗೆ ನೀರು ನುಗ್ಗದಂತೆ ಸೀಲಂಟ್ ತುಂಬಬೇಕು. ನೀರು ಹೊರಹೋಗುವ ರಂಧ್ರಗಳನ್ನು ಮಾತ್ರ ಮುಚ್ಚದೆ ತೆರೆದಿಡಬೇಕು. ಹೊರಗೆ ಕಾಣದ ಈ ಕೆಲಸಕ್ಕೆ ಯಾರೂ ಮೆಚ್ಚುಗೆ ಸೂಚಿಸುವುದಿಲ್ಲ. ದುರಸ್ತಿಯ ಆಯುಸ್ಸು ನಿಂತಿರುವುದು ಮಾತ್ರ ಇದರ ಮೇಲೆಯೇ.

1988ರ ಮೋಟಾರು ವಾಹನಗಳ ಕಾಯಿದೆಯಂತೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧು. ಆಮೇಲೆ ವಾಹನವು ಸುಸ್ಥಿತಿಯಲ್ಲಿದೆಯೆಂದು ತೋರಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ದುರಸ್ತಿಯ ಭರದಲ್ಲಿ ಚಾಸಿ ಸಂಖ್ಯೆಯನ್ನು ಕೊರೆದ ತಗಡನ್ನು ಕತ್ತರಿಸುವುದಾಗಲಿ, ಅದರ ಮೇಲೆ ಬೆಸುಗೆ ಹಾಕುವುದಾಗಲಿ ಸಲ್ಲದು. ಕಾರಿನ ಬಣ್ಣವನ್ನು ಬದಲಿಸಿದರೆ ನೋಂದಣಿಯ ಪುಸ್ತಕದಲ್ಲಿಯೂ ಅದನ್ನು ನಮೂದಿಸಿಕೊಳ್ಳಬೇಕು.

ಎಲ್ಲ ಕಾರುಗಳೂ ಉಳಿಯುವುದಿಲ್ಲ. ಹೊಸ್ತಿಲು, ನೆಲ, ಚಕ್ರದ ತೂಗುಗಳನ್ನು ಹಿಡಿದಿರುವ ಭಾಗಗಳು ಮೂರೂ ಒಟ್ಟಿಗೆ ಸವೆದಿದ್ದರೆ ಅದನ್ನು ಓಡಿಸದಿರುವುದೇ ವಿವೇಕ. ಉಳಿಯುವಂಥದನ್ನು ಉಳಿಸಬೇಕೆನ್ನುವವರು ಗ್ಯಾರೇಜಿನವರೊಡನೆ ಮೊದಲೇ ಒಂದು ಮಾತನ್ನು ಖಚಿತಪಡಿಸಿಕೊಳ್ಳುವುದು ಲೇಸು: ಪುಟ್ಟಿ ಬಳಿಯುವ ಮೊದಲು, ಬೆಸುಗೆ ಬರಿಗಣ್ಣಿಗೆ ಕಾಣುತ್ತಿರುವಾಗಲೇ, ಕೆಲಸವನ್ನು ತೋರಿಸಬೇಕು. ಪ್ರಾಮಾಣಿಕ ಕುಶಲಿಯು ಇದಕ್ಕೆ ಸಂತೋಷದಿಂದಲೇ ಒಪ್ಪುತ್ತಾನೆ, ಏಕೆಂದರೆ ಬಣ್ಣದ ಅಡಿಯಲ್ಲಿ ಅಡಗಿಹೋಗುವ ತನ್ನ ನೈಪುಣ್ಯವನ್ನು ಇನ್ನೊಬ್ಬರು ನೋಡುವ ಅವಕಾಶ ಅದೊಂದೇ. ಅಂಥವನಿಗೆ ಎರಡು ದಿನಗಳ ಬದಲು ಎರಡು ವಾರಗಳ ಅವಧಿಯನ್ನೂ ಅದಕ್ಕೆ ತಕ್ಕ ಕೂಲಿಯನ್ನೂ ಕೊಡುವುದು ಕಾರಿನ ಒಡೆಯನ ಕರ್ತವ್ಯ.