ಗಡದ ಹಾದಿಗೆ ಯಾವ ಬುತ್ತಿ?



ಮಳೆ ನಿಂತು ಸಹ್ಯಾದ್ರಿ ಹಸಿರಾಗಿ ಕಂಡರೆ ಸಾಕು, ನಮ್ಮ ಮುಂಬಯಿಯ ಹುಡುಗ ಹುಡುಗಿಯರ ಬೆನ್ನಿಗೆ ಚೀಲ ಏರುತ್ತದೆ. ಶನಿವಾರ ಹೋಗಿ ಭಾನುವಾರ ರಾತ್ರಿ ಮರಳುವ ಚಾರಣ. ಯಾವ ಗಡ, ಯಾವ ಬಸ್ಸು, ಯಾವ ಬೂಟು ಎಂದು ವಾರವಿಡೀ ಚರ್ಚೆ. ಊಟದ ಮಾತು ಬಂದರೆ ಮಾತ್ರ, “ಏನಾದರೂ ಕಟ್ಟಿಕೊಂಡರಾಯಿತು ಬಿಡು!” ಆ ‘ಏನಾದರೂ’ ನಮಗೊಮ್ಮೆ ಬಲು ದುಬಾರಿಯಾಯಿತು.

ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ಬಿಸಿಲಲ್ಲಿ ನಾವು ಐವರು ಗೆಳೆಯರು ಹರಿಶ್ಚಂದ್ರಗಡಕ್ಕೆ ಹೊರಟೆವು. ಕಲ್ಯಾಣದಿಂದ ಮಾಳಶೇಜ್ ಘಾಟಿನ ಬಸ್ಸು ಹಿಡಿದು ಖುಬಿ ಫಾಟಾದಲ್ಲಿ ಇಳಿದು, ಖಿರೇಶ್ವರ ಹಳ್ಳಿಯಿಂದ ಏರುವ ದಾರಿ. ಚೀಲದಲ್ಲಿ ಇಡ್ಲಿ, ಕಾಯಿಚಟ್ನಿ, ಮೊಸರನ್ನ. ಐದು ಗಂಟೆ ಏರಿ, ಸಂಜೆ ಗುಹೆಯ ಮುಂದೆ ಕುಳಿತು ಡಬ್ಬಿ ತೆರೆದರೆ ಎಲ್ಲವೂ ಹಳಸಿತ್ತು. ಎರಡು ಪುಡಿಕೆ ಬಿಸ್ಕತ್ತೇ ಐವರ ರಾತ್ರಿಯೂಟ.

ಮರುದಿನ ಇಳಿಯುವಾಗ, ತೋಲಾರ್ ಖಿಂಡಿಯ ಮೇಲಿನ ಬಂಡೆಯಲ್ಲಿ ಒಬ್ಬ ಗೆಳೆಯ ಬೆವೆತು ನಡುಗತೊಡಗಿದ. ಕಂಬಿ ಹಿಡಿದ ಕೈ ಸಡಿಲವಾಗುತ್ತಿತ್ತು. ಅವನು ಮಧುಮೇಹದ ಮಾತ್ರೆ ತೆಗೆದುಕೊಳ್ಳುತ್ತಾನೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಊಟ ತಪ್ಪಿತ್ತು, ಮಾತ್ರೆ ತಪ್ಪಿರಲಿಲ್ಲ. ಹೀಗಾದಾಗ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಎದುರಿಗೆ ಹತ್ತಿ ಬರುತ್ತಿದ್ದ ಹಳ್ಳಿಯ ಅಜ್ಜರೊಬ್ಬರು ತಮ್ಮ ಗಂಟು ಬಿಚ್ಚಿ ಬೆಲ್ಲ ಕೊಟ್ಟರು. ಕಾಲು ಗಂಟೆಯಲ್ಲಿ ಗೆಳೆಯ ಚೇತರಿಸಿಕೊಂಡ.

ಫೋನಿನಲ್ಲಿ ಅವ್ವನಿಗೆ ಹೇಳಿದೆ. “ಸಂತಿಗೆ ಹೋಗೂ ಮಂದೀನೂ ಬುತ್ತಿ ನೋಡಿ ಕಟ್ಟತಾರ. ಗುಡ್ಡಾ ಏರಾವರು ಮೊಸರನ್ನ ಒಯ್ತೀರೇನೋ?” ಎಂದಳು. ಅಂದಿನಿಂದ ನಾನು ಬುತ್ತಿಯ ಲೆಕ್ಕ ಕಲಿತೆ. ಅದು ಹೀಗಿದೆ.

ಮೊದಲು ಹೊತ್ತು ಎಣಿಸಿ. ಶನಿವಾರ ಮಧ್ಯಾಹ್ನ, ರಾತ್ರಿ, ಭಾನುವಾರ ಬೆಳಗ್ಗೆ, ಮಧ್ಯಾಹ್ನ: ನಾಲ್ಕು ಹೊತ್ತು. ಇದರ ಮೇಲೆ ಒಂದು ಹೊತ್ತಿನದು ಹೆಚ್ಚಿಗೆ. ದಾರಿ ತಪ್ಪಬಹುದು, ಬಸ್ಸು ತಪ್ಪಬಹುದು.

ಆಮೇಲೆ ತೂಕ ನೋಡಿ. ನೂರು ಗ್ರಾಂ ಸೌತೆಕಾಯಿಯಿಂದ ಸಿಗುವುದು ಸುಮಾರು 15 ಕ್ಯಾಲೊರಿ, ನೂರು ಗ್ರಾಂ ಶೇಂಗಾದಿಂದ 560ಕ್ಕೂ ಹೆಚ್ಚು. ಬೆನ್ನಿಗೆ ಭಾರ ಎರಡೂ ಅಷ್ಟೇ. ಒಣ ಪದಾರ್ಥವೇ ಹೆಚ್ಚಿದ್ದರೆ ಒಬ್ಬರಿಗೆ ದಿನಕ್ಕೆ 600ರಿಂದ 700 ಗ್ರಾಂ ಸಾಕು.

ಮೂರನೆಯದು ಪಸೆ. ಆಹಾರ ಕೆಡುವುದು ಅದರಲ್ಲಿರುವ ನೀರಿನಂಶದಿಂದ. ತೆಂಗಿನಕಾಯಿ, ಮೊಸರು, ಬೇಯಿಸಿದ ಅನ್ನ, ಆಲೂಗಡ್ಡೆ ಪಲ್ಯ ಬಿಸಿಲಲ್ಲಿ ಬೇಗ ಹಳಸುತ್ತವೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ವಾರವಾದರೂ ಕೆಡುವುದಿಲ್ಲ.

ನಾಲ್ಕನೆಯದು ಬೆಂಕಿ. ರೈಲಿನಲ್ಲಿ ಗ್ಯಾಸ್, ಸೀಮೆಎಣ್ಣೆ ಒಯ್ಯುವುದು ನಿಷಿದ್ಧ. ಹರಿಶ್ಚಂದ್ರಗಡವೋ ವನ್ಯಜೀವಿ ಅಭಯಾರಣ್ಯದೊಳಗಿದೆ. ಅಲ್ಲಿ ಕಟ್ಟಿಗೆ ಆಯ್ದು ಒಲೆ ಹೂಡುವುದು ಸಲ್ಲ. ಆದ್ದರಿಂದ ಒಲೆ ಬೇಡದ ಬುತ್ತಿಯೇ ಲೇಸು.

ಒಬ್ಬರಿಗೆ ನನ್ನ ಪಟ್ಟಿ ಇದು:

ಶನಿವಾರ ಮಧ್ಯಾಹ್ನ: ಬೆಳಗ್ಗೆ ಮಾಡಿದ ನಾಲ್ಕು ಚಪಾತಿ, ನೀರಿಲ್ಲದ ಬೆಂಡೆ ಪಲ್ಯ - 250 ಗ್ರಾಂ.
ರಾತ್ರಿ: ಖಡಕ್ ರೊಟ್ಟಿ 150 ಗ್ರಾಂ, ಚಟ್ನಿಪುಡಿ 75 ಗ್ರಾಂ, ಒಂದು ಈರುಳ್ಳಿ.
ಭಾನುವಾರ ಬೆಳಗ್ಗೆ: ತೆಳು ಅವಲಕ್ಕಿ 100 ಗ್ರಾಂ. ಒಂದಿಷ್ಟು ನೀರು ಚಿಮುಕಿಸಿ ಉಪ್ಪು, ಚಟ್ನಿಪುಡಿ ಕಲಸಿ ಲಿಂಬೆ ಹಿಂಡಿದರಾಯಿತು.
ಮಧ್ಯಾಹ್ನ: ಮೆಂತ್ಯದ ಥೇಪ್ಲಾ 200 ಗ್ರಾಂ. ಗುಜರಾತಿ ನೆರೆಹೊರೆಯವರಿಂದ ಕಲಿತದ್ದು; ನೀರು ಹಾಕದೆ ಮೊಸರು, ಎಣ್ಣೆಯಲ್ಲೇ ಕಲಸಿ ಚೆನ್ನಾಗಿ ಬೇಯಿಸಿದರೆ ಎರಡು ದಿನ ಇರುತ್ತದೆ.
ನಡುನಡುವೆ: ಶೇಂಗಾ ಉಂಡಿ 200 ಗ್ರಾಂ, ಖರ್ಜೂರ 100 ಗ್ರಾಂ.
ಹೆಚ್ಚಿಗೆಯ ಗಂಟು: ಅವಲಕ್ಕಿ 100, ಬೆಲ್ಲ 50 ಗ್ರಾಂ. ಮನೆ ಮುಟ್ಟುವವರೆಗೆ ಇದನ್ನು ಸುಮ್ಮನೆ ಬಿಚ್ಚಬಾರದು.

ಎರಡು ಲಿಂಬೆಹಣ್ಣು, ಉಪ್ಪು, ಎರಡು ಓಆರ್‌ಎಸ್ ಪುಡಿಕೆ ಸೇರಿದರೂ ಒಟ್ಟು ಒಂದೂವರೆ ಕಿಲೋ ಮೀರುವುದಿಲ್ಲ. ನಿಜವಾದ ಭಾರ ನೀರಿನದು: ಒಂದು ಲೀಟರಿಗೆ ಒಂದು ಕಿಲೋ. ಆದರೂ ಹೊರಡುವಾಗ ಮೂರು ಲೀಟರ್ ಇರಲಿ. ಗಡದ ಮೇಲಿನ ಕಲ್ಲುತೊಟ್ಟಿಯ ನೀರು ತುಂಬಿಕೊಂಡರೆ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಶನಿವಾರ, ಭಾನುವಾರ ಗಡದ ಮೇಲೆ ಹಳ್ಳಿಯವರು ಪಿಠಲಾ-ಭಾಕರಿ ಮಾಡಿಕೊಡುವುದುಂಟು. ಧಾರಾಳವಾಗಿ ಉಣ್ಣಿ, ಅವರಿಗೂ ನಾಲ್ಕು ಕಾಸು ಸಿಗಲಿ. ಆದರೆ ಅದನ್ನೇ ನಂಬಿ ಬರಿಗೈಯಲ್ಲಿ ಹತ್ತಬೇಡಿ. ಪ್ಲಾಸ್ಟಿಕ್ ಪುಡಿಕೆಗಳನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಹಾಕಿಕೊಳ್ಳಿ. ಕಸ ಉಳಿದರೆ ಅದೂ ನಿಮ್ಮೊಡನೆಯೇ ಇಳಿಯಲಿ.

ಕೊನೆಯ ಮಾತು. ಹೊರಡುವ ಮುನ್ನ ಜೊತೆಗಾರರನ್ನು ಕೇಳಿ: ಯಾರಿಗೆ ಯಾವ ಮಾತ್ರೆ, ಯಾರಿಗೆ ಶೇಂಗಾ ಆಗದು? ಸಂಕೋಚ ಬೇಡ. ಮಧುಮೇಹವಿದ್ದವರು ವೈದ್ಯರನ್ನೂ ಒಮ್ಮೆ ಕೇಳಿಕೊಂಡು ಬರಲಿ. ಬೆಲ್ಲ ಮಾತ್ರ ಚೀಲದ ತಳದಲ್ಲಿ ಬೇಡ, ಕೈಗೆ ಸಿಗುವ ಹೊರಗಿನ ಜೇಬಿನಲ್ಲಿರಲಿ. ನನ್ನ ಆ ಗೆಳೆಯ ಈಗಲೂ ನಮ್ಮೊಡನೆ ಗುಡ್ಡ ಏರುತ್ತಾನೆ. ಅವನ ಬೆಲ್ಲ ಅವನ ಜೇಬಿನಲ್ಲಿ, ಇನ್ನೊಂದು ತುಂಡು ನನ್ನ ಜೇಬಿನಲ್ಲಿ.

ಹೋಗಿ ಬನ್ನಿ, ಸುಖವಾಗಿ ಇಳಿದು ಬನ್ನಿ. ಮತ್ತೆ ಬಾನುಲಿಯಲ್ಲಿ ಭೇಟಿಯಾಗೋಣ.