‘ಶ್ರಮಿಸು’ ಅಲ್ಲ, ‘ಶ್ರಮಿಸೋಣ’: ಕೋಬೆ ನಗರದ ಒಂದು ಆಟದ ವರ್ಷ

ಕಷ್ಟಕ್ಕೆ ಸಿಲುಕಿದವರಿಗೆ ನಾವು ಹೇಳುವ ಸಾಂತ್ವನದ ಮಾತುಗಳಲ್ಲಿ ಎರಡು ಬಗೆಗಳುಂಟು. ‘ಧೈರ್ಯ ತಂದುಕೊ, ಎದ್ದು ನಿಲ್ಲು’ ಎಂಬುದು ಒಂದು. ‘ಬಾ, ಎದ್ದು ನಿಲ್ಲೋಣ’ ಎಂಬುದು ಇನ್ನೊಂದು. ವ್ಯಾಕರಣದ ದೃಷ್ಟಿಯಿಂದ ಇವೆರಡರ ನಡುವೆ ಇರುವುದು ಒಂದು ಪ್ರತ್ಯಯದ ಅಂತರ ಮಾತ್ರ. ಬದುಕಿನ ದೃಷ್ಟಿಯಿಂದ ಅದು ಬಹು ದೊಡ್ಡ ಅಂತರ. ಮೊದಲನೆಯ ಮಾತನ್ನು ದಡದಲ್ಲಿ ನಿಂತು ಹೇಳಬಹುದು. ಎರಡನೆಯದನ್ನು ಹೇಳಬೇಕಾದರೆ ನೀರಿಗಿಳಿಯಲೇಬೇಕು. ಜಪಾನಿನ ಒಂದು ನಗರವೂ ಆ ನಗರದ ಬೇಸ್‌ಬಾಲ್ ತಂಡವೂ 1995ರಲ್ಲಿ ಈ ಅಂತರವನ್ನು ತೋರಿಸಿಕೊಟ್ಟ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮಲ್ಲಿ ಕ್ರಿಕೆಟ್ಟಿಗೆ ಇರುವ ಮನ್ನಣೆ ಜಪಾನಿನಲ್ಲಿ ಬೇಸ್‌ಬಾಲ್ ಆಟಕ್ಕೆ ಇದೆ. ಕಣದಲ್ಲಿ ತಂಡಕ್ಕೆ ಒಂಬತ್ತು ಜನ. ಆಡುವ ಸರದಿಗಳೂ ಒಂಬತ್ತು. ಚೆಂಡನ್ನು ಹೊಡೆದವನು ಮೂರು ನೆಲೆಗಳನ್ನು ಕ್ರಮವಾಗಿ ಮುಟ್ಟಿ, ತಾನು ಹೊರಟ ಜಾಗಕ್ಕೇ ಮರಳಿ ಬಂದರೆ ಒಂದು ಓಟ ಲಭಿಸುತ್ತದೆ. ವೃತ್ತಿಪರ ತಂಡಗಳು ಹನ್ನೆರಡು; ಆರಾರು ತಂಡಗಳಂತೆ ಸೆಂಟ್ರಲ್ ಮತ್ತು ಪೆಸಿಫಿಕ್ ಎಂಬ ಎರಡು ಲೀಗುಗಳು. ಆ ಕಾಲದಲ್ಲಿ ಪ್ರತಿಯೊಂದು ತಂಡವೂ ವರ್ಷಕ್ಕೆ 130 ಪಂದ್ಯಗಳನ್ನು ಆಡುತ್ತಿತ್ತು. ಎರಡು ಲೀಗುಗಳ ವಿಜೇತರು ಕೊನೆಗೆ ‘ಜಪಾನ್ ಸೀರೀಸ್’ನಲ್ಲಿ ಎದುರುಬದುರಾಗಿ, ಮೊದಲು ನಾಲ್ಕು ಪಂದ್ಯ ಗೆದ್ದವರು ರಾಷ್ಟ್ರದ ಚಾಂಪಿಯನ್ನರಾಗುತ್ತಿದ್ದರು.

ಒರಿಕ್ಸ್ ಬ್ಲೂವೇವ್ ತಂಡವು ಕೋಬೆಗೆ ಹೊಸದು. ಒರಿಕ್ಸ್ ಸಂಸ್ಥೆಯು 1988ರಲ್ಲಿ ಹಾಂಕ್ಯು ತಂಡವನ್ನು ಕೊಂಡು, 1991ರಲ್ಲಿ ಅದನ್ನು ಕೋಬೆ ನಗರದ ಸುಮಾ ವಿಭಾಗದಲ್ಲಿರುವ ಗ್ರೀನ್ ಸ್ಟೇಡಿಯಮ್ಮಿಗೆ ತಂದಿತ್ತು. 1994ರಲ್ಲಿ ಮ್ಯಾನೇಜರ್ ಆಗಿ ಬಂದ ಅಕಿರಾ ಓಗಿ ಅವರು ಇಪ್ಪತ್ತರ ಹರೆಯದ ಒಬ್ಬ ತರುಣನನ್ನು ಗುರುತಿಸಿ ಮುಂದೆ ತಂದರು. ಸುಜುಕಿ ಎಂಬ ಮನೆತನದ ಹೆಸರು ಅಲ್ಲಿ ಬಹು ಸಾಮಾನ್ಯವಾದುದರಿಂದ ಆತನನ್ನು ‘ಇಚಿರೊ’ ಎಂದೇ ನೋಂದಾಯಿಸಿದರು. ಅದೇ ವರ್ಷ ಇಚಿರೊ 210 ಯಶಸ್ವಿ ಹೊಡೆತಗಳನ್ನು ಗಳಿಸಿ, ಒಂದು ಋತುವಿನಲ್ಲಿ ಇನ್ನೂರನ್ನು ದಾಟಿದ ಮೊದಲ ಜಪಾನೀ ವೃತ್ತಿಪರ ಆಟಗಾರರೆನಿಸಿದರು. ಆದರೂ ನಗರಕ್ಕೂ ತಂಡಕ್ಕೂ ನಡುವಿನ ನಂಟು ಇನ್ನೂ ಎಳೆಯದಾಗಿಯೇ ಇತ್ತು.

1995ರ ಜನವರಿ 17ರ ಮುಂಜಾನೆ 5 ಗಂಟೆ 46 ನಿಮಿಷಕ್ಕೆ ಆ ಪ್ರದೇಶದಲ್ಲಿ ಭೂಮಿ ಕಂಪಿಸಿತು. ಬಹುಪಾಲು ಜನ ಇನ್ನೂ ಹಾಸಿಗೆಯಲ್ಲಿದ್ದ ಹೊತ್ತು ಅದು. ಭಾರವಾದ ಹೆಂಚಿನ ಮಾಡುಳ್ಳ ಹಳೆಯ ಮರದ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ನಗಾತಾ ವಿಭಾಗದಲ್ಲಿ ಬೆಂಕಿ ಬೀದಿಯಿಂದ ಬೀದಿಗೆ ಹಬ್ಬಿತು. ಕಂಬಗಳ ಮೇಲೆ ಸಾಗಿದ್ದ ಹನ್‌ಶಿನ್ ಹೆದ್ದಾರಿಯ ಒಂದು ಭಾಗ, ಆರುನೂರು ಮೀಟರಿಗೂ ಉದ್ದ, ಮಗ್ಗುಲಿಗೆ ಉರುಳಿಬಿದ್ದಿತು. ಸತ್ತವರು 6,434 ಮಂದಿ. ಒಂದು ಲಕ್ಷಕ್ಕೂ ಮಿಕ್ಕ ಮನೆಗಳು ಸಂಪೂರ್ಣ ನಾಶವಾದವು. ಒಂದು ಹಂತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಶಾಲೆಗಳಲ್ಲಿ, ಸಭಾಂಗಣಗಳಲ್ಲಿ ಆಶ್ರಯ ಪಡೆದಿದ್ದರು. ಕೋಬೆಯಲ್ಲಿದ್ದ ಆಟಗಾರರ ವಸತಿಗೃಹದಲ್ಲಿ ಇಚಿರೊ ಕೂಡ ಆ ಕಂಪನವನ್ನು ಅನುಭವಿಸಿದರು.

ಇಂಥ ಹೊತ್ತಿನಲ್ಲಿ ಆಟವೆ? ಹೆಣಗಳನ್ನು ಹುಡುಕುತ್ತಿರುವ ಊರಿನಲ್ಲಿ ಚೆಂಡು ಹೊಡೆಯುವುದು ಉಚಿತವೆ? ಈ ಪ್ರಶ್ನೆ ಏಳದಿರಲು ಸಾಧ್ಯವಿರಲಿಲ್ಲ. ತಂಡದ ಪಂದ್ಯಗಳನ್ನು ಬೇರೆಡೆಗೆ ಸ್ಥಳಾಂತರಿಸುವ ಮಾತೂ ಬಂದಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ವ್ಯವಹಾರದ ದೃಷ್ಟಿಯಿಂದಲೂ ಅನುಕೂಲದ ದೃಷ್ಟಿಯಿಂದಲೂ ಅದು ವಿವೇಕದ ಮಾತೇ. ಆದರೆ ತಂಡದ ಒಡೆಯರಾದ ಯೋಶಿಹಿಕೊ ಮಿಯಾವುಚಿ ಅವರು ಅದಕ್ಕೆ ಒಪ್ಪಲಿಲ್ಲ. ನೋಡಲು ಯಾರೂ ಬಾರದಿದ್ದರೂ ಸರಿ, ಪಂದ್ಯಗಳು ಕೋಬೆಯಲ್ಲಿಯೇ ನಡೆಯಬೇಕೆಂಬುದು ಅವರ ನಿರ್ಧಾರವಾಗಿತ್ತು.

ಆಟಗಾರರ ಅಂಗಿಯ ತೋಳಿನ ಮೇಲೆ ಎರಡು ಪದಗಳು ಮೂಡಿದವು: ‘ಗಂಬರೋ ಕೋಬೆ’. ನಾವು ಆರಂಭದಲ್ಲಿ ಹೇಳಿದ ವ್ಯಾಕರಣದ ಮಾತು ಇಲ್ಲಿ ಪ್ರಸ್ತುತವಾಗುತ್ತದೆ. ಜಪಾನೀ ಭಾಷೆಯಲ್ಲಿ ‘ಗಂಬರೆ’ ಎಂದರೆ ‘ಶ್ರಮಿಸು, ಛಲ ಬಿಡಬೇಡ’ ಎಂದರ್ಥ. ಪ್ರೇಕ್ಷಕರು ಆಟಗಾರರಿಗೆ ಕೂಗಿ ಹೇಳುವ ಮಾತದು. ‘ಗಂಬರೋ’ ಎಂದರಾದರೋ ‘ಶ್ರಮಿಸೋಣ’. ನಮ್ಮ ಕನ್ನಡದ ‘ಓಣ’ ಪ್ರತ್ಯಯವು ಮಾಡುವ ಕೆಲಸವನ್ನೇ ಅಲ್ಲಿನ ಆ ದೀರ್ಘ ಓಕಾರವು ಮಾಡುತ್ತದೆ. ಹೇಳುವವನನ್ನೂ ಕೇಳುವವನನ್ನೂ ಒಂದೇ ಕ್ರಿಯಾಪದದೊಳಗೆ ಕೂಡಿಸುತ್ತದೆ. ನೊಂದ ನಗರಕ್ಕೆ ತಂಡವು ಉಪದೇಶ ಮಾಡಲಿಲ್ಲ. ನಗರದ ಸಾಲಿನಲ್ಲಿ ತಾನೂ ಸೇರಿ ನಿಂತಿತು.

ಏಪ್ರಿಲ್ 1ರಂದು ಗ್ರೀನ್ ಸ್ಟೇಡಿಯಮ್ಮಿನಲ್ಲಿ ಋತುವಿನ ಮೊದಲ ಪಂದ್ಯ ನಡೆಯಿತು. ಕಂಪನವಾಗಿ ಎರಡೂವರೆ ತಿಂಗಳು ಮಾತ್ರ ಕಳೆದಿತ್ತು. ಯಾರೂ ಬಾರದಿರಬಹುದೆಂಬ ಅಂಜಿಕೆ ಹುಸಿಯಾಯಿತು. ಸುಮಾರು ಮೂವತ್ತು ಸಾವಿರ ಜನ ಬಂದರು.

ಆ ವರ್ಷ ತಂಡವು ಆಡಿದ ಆಟ ಅಸಾಧಾರಣವಾದುದು. 82 ಗೆಲುವು, 47 ಸೋಲು, ಒಂದು ಸಮ. ಇಚಿರೊ .342ರ ಸರಾಸರಿಯೊಡನೆ 25 ಹೋಮ್ ರನ್ ಹೊಡೆದು, 49 ನೆಲೆಗಳನ್ನು ಕದ್ದು, ಲೀಗಿನ ಅತ್ಯುತ್ತಮ ಆಟಗಾರರೆಂಬ ಗೌರವ ಪಡೆದರು. ಆಗಸ್ಟ್ 26ರಂದು ನಲವತ್ತರ ವಯಸ್ಸಿನ ಎಸೆತಗಾರ ಯೋಶಿನೋರಿ ಸಾತೊ ಎದುರಾಳಿಗಳಿಗೆ ಒಂದೂ ಯಶಸ್ವಿ ಹೊಡೆತ ದೊರೆಯದಂತೆ ಇಡೀ ಪಂದ್ಯವನ್ನು ಮುಗಿಸಿದರು. ಆ ಸಾಧನೆಗೆ ಅಲ್ಲಿಯವರೆಗೆ ಅಷ್ಟು ವಯಸ್ಸಾದವರು ಯಾರೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಲೀಗಿನ ಪಟ್ಟಕ್ಕೆ ಒಂದೇ ಹೆಜ್ಜೆ ಉಳಿದಿತ್ತು. ಆ ಗೆಲುವನ್ನು ತಮ್ಮ ಊರಿನಲ್ಲಿಯೇ, ತಮ್ಮ ಕಣ್ಣೆದುರಿನಲ್ಲಿಯೇ ನೋಡಬೇಕೆಂದು ಕೋಬೆಯ ಜನ ಬಯಸಿದರು. ತಂಡದ ಬಯಕೆಯೂ ಅದೇ. ವಿಧಿಯ ವೈಚಿತ್ರ್ಯವೆಂದರೆ, ತವರಿನ ಆ ಪಂದ್ಯಗಳನ್ನೇ ತಂಡವು ಸಾಲಾಗಿ ಸೋತಿತು. ಪಟ್ಟ ದೊರೆತುದು ಸೆಪ್ಟೆಂಬರ್ 19ರಂದು, ದೂರದ ಸೈತಾಮಾ ಪ್ರಾಂತದ ಸೇಬು ಕ್ರೀಡಾಂಗಣದಲ್ಲಿ. ಅನಂತರ ಜಪಾನ್ ಸೀರೀಸ್‌ನಲ್ಲಿ ಯಾಕುಲ್ಟ್ ಸ್ವಾಲೋಸ್ ತಂಡದೆದುರು 4-1ರಿಂದ ಸೋಲಾಯಿತು.

ಮರುವರ್ಷ, 1996ರಲ್ಲಿಯೂ ತೋಳಿನ ಮೇಲಿನ ಆ ಮಾತು ಹಾಗೆಯೇ ಇತ್ತು. ಸೆಪ್ಟೆಂಬರ್ 23ರಂದು ಗ್ರೀನ್ ಸ್ಟೇಡಿಯಮ್ಮಿನಲ್ಲಿ ಪಂದ್ಯ ಹತ್ತನೆಯ ಸರದಿಗೆ ಬೆಳೆದಾಗ ಇಚಿರೊ ಅವರ ಹೊಡೆತದಿಂದ ಗೆಲುವೂ ಲೀಗಿನ ಪಟ್ಟವೂ ಒಟ್ಟಿಗೇ ಬಂದವು. ಅಕ್ಟೋಬರ್ 24ರಂದು ಅದೇ ಅಂಗಳದಲ್ಲಿ ಯೊಮಿಯುರಿ ಜಯಂಟ್ಸ್ ತಂಡವನ್ನು ಮಣಿಸಿ, 4-1ರಿಂದ ಜಪಾನ್ ಸೀರೀಸನ್ನೂ ಗೆದ್ದರು. ಹಿಂದಿನ ವರ್ಷ ತಪ್ಪಿಹೋದ ಸಂಭ್ರಮವನ್ನು ಕೋಬೆಯ ಜನ ಆಗ ಕಣ್ಣಾರೆ ಕಂಡರು.

ಆದರೆ ಆಟದ ಮಹಿಮೆಯನ್ನು ಹಿಗ್ಗಿಸಿ ಹೇಳುವುದು ಸತ್ಯಕ್ಕೆ ದೂರವಾದೀತು. ಗೆಲುವು ಯಾರಿಗೂ ಮನೆ ಕಟ್ಟಿಕೊಡಲಿಲ್ಲ. ಪಟ್ಟ ಬಂದ ರಾತ್ರಿಯೂ ಸಾವಿರಾರು ಕುಟುಂಬಗಳು ತಾತ್ಕಾಲಿಕ ವಸತಿಗಳಲ್ಲಿಯೇ ಇದ್ದವು. ಆ ವಸತಿಗಳು ಪೂರ್ತಿ ತೆರವಾಗಲು 2000ದ ಇಸವಿಯೇ ಬರಬೇಕಾಯಿತು. ನೆರೆಹೊರೆಯಿಂದ ಬೇರ್ಪಟ್ಟು ಅಲ್ಲಿಗೆ ಬಂದ ವೃದ್ಧರಲ್ಲಿ ಕೆಲವರು ಯಾರಿಗೂ ತಿಳಿಯದಂತೆ ಒಂಟಿಯಾಗಿ ಪ್ರಾಣ ಬಿಟ್ಟರು. ತಂಡದ ಕತೆಯೂ ಸುಖಾಂತವಲ್ಲ. ಇಚಿರೊ 2001ರಲ್ಲಿ ಅಮೆರಿಕೆಯ ಸಿಯಾಟಲ್ ತಂಡ ಸೇರಿದರು. 2004ರಲ್ಲಿ ಬ್ಲೂವೇವ್ ತಂಡವನ್ನು ಕಿಂಟೆತ್ಸು ತಂಡದೊಡನೆ ವಿಲೀನಗೊಳಿಸುವ ನಿರ್ಧಾರವಾಯಿತು. ಅದರಿಂದ ಉಂಟಾದ ವಿವಾದದಲ್ಲಿ ಆಟಗಾರರು ಸೆಪ್ಟೆಂಬರ್ 18 ಮತ್ತು 19ರಂದು ಮುಷ್ಕರ ಹೂಡಿದರು. ಜಪಾನಿನ ವೃತ್ತಿಪರ ಬೇಸ್‌ಬಾಲಿನಲ್ಲಿ ಅದೇ ಮೊದಲನೆಯದು. 2005ರಿಂದ ತಂಡವು ಒರಿಕ್ಸ್ ಬಫಲೋಸ್ ಆಯಿತು. ಪಂದ್ಯಗಳು ಕ್ರಮೇಣ ಒಸಾಕಾಕ್ಕೆ ಸಾಗಿ, ಕೋಬೆಗೆ ಉಳಿದುದು ವರ್ಷಕ್ಕೆ ಕೆಲವೇ ಪಂದ್ಯಗಳು. ವಿಲೀನಗೊಂಡ ತಂಡವನ್ನು ಮೊದಲ ವರ್ಷ ನಡೆಸಲು ಮರಳಿ ಬಂದ ಓಗಿ ಅವರು 2005ರ ಡಿಸೆಂಬರಿನಲ್ಲಿ ನಿಧನರಾದರು. ಇಚಿರೊ ಅವರಿಗೆ 2025ರಲ್ಲಿ ಜಪಾನ್ ಮತ್ತು ಅಮೆರಿಕೆ, ಎರಡೂ ದೇಶಗಳ ಬೇಸ್‌ಬಾಲ್ ಕೀರ್ತಿಭವನಗಳಲ್ಲಿ ಸ್ಥಾನ ದೊರೆಯಿತು.

ಹಾಗಾದರೆ 1995ರ ಆ ‘ಶ್ರಮಿಸೋಣ’ ಎಂಬ ಮಾತು ಸುಳ್ಳಾಯಿತೆ? ನಾವು ಹಾಗೆ ತಿಳಿಯುವುದಿಲ್ಲ. ಯಾವ ಊರಿನಲ್ಲಿ ನಿಲ್ಲುವುದು ಅತ್ಯಂತ ಕಠಿಣವಾಗಿತ್ತೋ ಆ ಊರಿನಲ್ಲಿ, ಯಾವ ವರ್ಷ ಹೊರಟುಹೋಗುವುದು ಅತ್ಯಂತ ಸುಲಭವಾಗಿತ್ತೋ ಆ ವರ್ಷ, ತಂಡವು ನಿಂತಿತು. ಆ ಮಾತಿನ ಬೆಲೆ ಅಷ್ಟು. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ‘ಓಣ’ ಪ್ರತ್ಯಯವನ್ನು ಒಮ್ಮೆ ನುಡಿದು ಶಾಶ್ವತವಾಗಿ ಇಟ್ಟುಕೊಳ್ಳಲು ಬಾರದು. ಜೊತೆಗೆ ನಿಂತಿರುವಷ್ಟು ದಿನ ಮಾತ್ರ ಅದಕ್ಕೆ ಅರ್ಥವಿರುತ್ತದೆ.

ನೆರೆಮನೆಗೆ ದುಃಖ ಬಂದಾಗ ನಾವೆಲ್ಲರೂ ಹೋಗುತ್ತೇವೆ, ನಾಲ್ಕು ಮಾತು ಆಡಿ ಬರುತ್ತೇವೆ. ‘ಏನಾದರೂ ಮಾಡೋಣ’ ಎಂಬ ಮಾತು ಆಗ ನಮ್ಮ ಬಾಯಿಗೆ ಸುಲಭವಾಗಿ ಬರುತ್ತದೆ. ಅದನ್ನು ನುಡಿಯುವ ಮುನ್ನ, ನಾಳೆಯೂ ಆ ಹೊಸ್ತಿಲು ತುಳಿಯುವೆವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಲೇಸು.